ಬೇತಾಳದ ಪೂರ್ವಾಶ್ರಮ

ಕಳೆದ ತಿಂಗಳು ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ ಒಂದು ಸಣ್ಣ ವಾಗ್ವಾದ ನಡೆಯಿತು. ಕಾರಣ ಬೇತಾಳ. ಪೆರಂಬೂರಿನ ಸದಸ್ಯರೊಬ್ಬರು ಹಳೆಯ ಮನೆ ಬಿಟ್ಟು ಫ್ಲಾಟಿಗೆ ಹೋಗುವಾಗ, ಅಟ್ಟದ ಮೇಲಿದ್ದ ‘ಚಂದಮಾಮ’ದ ಆರು ಬೈಂಡು ಸಂಪುಟಗಳನ್ನು ಸಂಘದ ವಾಚನಾಲಯಕ್ಕೆ ಕೊಟ್ಟರು. ಗೆದ್ದಲು ಅಂಚನ್ನು ತಿಂದಿತ್ತು, ಅಕ್ಷರಗಳನ್ನು ಬಿಟ್ಟಿತ್ತು. ತರಗತಿ ನಡೆಸುವ ಶಿಕ್ಷಕಿಯವರು ಅದರಿಂದ ಒಂದು ಬೇತಾಳ ಕಥೆಯನ್ನು ಓದಿ ಹೇಳಿದರು. ಕಥೆ ಮುಗಿಯಿತು, ರಾಜ ಉತ್ತರ ಹೇಳಿದ, ಬೇತಾಳ ಶವದ ಸಮೇತ ಮಾಯವಾಗಿ ಮರವೇರಿತು. ಆಗ ಒಂಬತ್ತು ವರ್ಷದ ಹುಡುಗಿಯೊಬ್ಬಳು ಎದ್ದುನಿಂತು, “ಮಿಸ್, ಆ ಬೇತಾಳ ಮೊದಲು ಯಾರಾಗಿತ್ತು?” ಎಂದು ಕೇಳಿದಳು.

ಮಗು ಕೇಳಿದ ಪ್ರಶ್ನೆಗೆ ದೊಡ್ಡವರು ಸುಮ್ಮನಿರುವುದುಂಟೆ? ಪತ್ರಿಕೆ ಓದುತ್ತ ಕುಳಿತಿದ್ದ ಹಿರಿಯರೊಬ್ಬರು, “ಅವನೊಬ್ಬ ಗಾಣಿಗರವನಮ್ಮ, ಜೋಗಿ ಕೊಂದು ಮರಕ್ಕೆ ನೇತುಹಾಕಿದ” ಎಂದರು. ಇನ್ನೊಬ್ಬರು, “ಅಲ್ಲ ಸ್ವಾಮಿ, ಅವನು ಶಾಪ ಹೊತ್ತ ಬ್ರಾಹ್ಮಣ” ಎಂದು ತಿದ್ದಿದರು. ಕಾರವಾರದ ಕಡೆಯವರೊಬ್ಬರು, “ನಮ್ಮ ಕಡೆ ಬೇತಾಳ ಅಂದರೆ ದೇವರು” ಎಂದರು. ಹನ್ನೊಂದು ವರ್ಷದ ಹುಡುಗ, “ಅವನೂ ಒಬ್ಬ ರಾಜನೇ. ಉತ್ತರ ಗೊತ್ತಿದ್ದೂ ಹೇಳಲಿಲ್ಲ, ತಲೆ ಒಡೆದುಹೋಯಿತು” ಎಂದ. ಮಗಳನ್ನು ಕರೆದೊಯ್ಯಲು ಬಂದಿದ್ದ ತಾಯಿಯೊಬ್ಬರು ಬಾಗಿಲಲ್ಲೇ ನಿಂತು, “ಯಾಕೆ, ಹೆಂಗಸಾಗಿರಬಾರದೇನು?” ಎಂದು ಕೇಳಿದರು. ಅಂದು ತರಗತಿ ಮುಗಿದುದು ಅರ್ಧ ಗಂಟೆ ತಡವಾಗಿ.

ಕೇಳುತ್ತ ಕುಳಿತಿದ್ದ ನಮಗೆ ಒಂದು ವಿಷಯ ಸ್ವಾರಸ್ಯವೆನಿಸಿತು. ಕಥೆ ಓದುವಾಗ ಎಲ್ಲರೂ ‘ಬೇತಾಳ ಹೇಳಿತು’, ‘ಬೇತಾಳ ನಕ್ಕಿತು’ ಎನ್ನುತ್ತಿದ್ದರು. ಹುಡುಗಿಯ ಪ್ರಶ್ನೆ ಬಂದ ಮೇಲೆ ‘ಅದು’ ಹೋಗಿ ‘ಅವನು’ ಬಂತು. ಹಿಂದಿನ ಬದುಕೊಂದನ್ನು ಊಹಿಸಿದ ಕೂಡಲೇ ನಮ್ಮ ವ್ಯಾಕರಣ ತಾನಾಗಿ ಮರ್ಯಾದೆ ಕೊಡಲಾರಂಭಿಸಿತು. ಇಷ್ಟು ಶಕ್ತಿಯುಳ್ಳ ಊಹೆಗಳನ್ನು ಮಕ್ಕಳಾಟವೆಂದು ತಳ್ಳಿಹಾಕುವುದು ಸರಿಯಲ್ಲವೆಂದು ತೋರಿ, ಒಂದೊಂದಾಗಿ ತೂಗಿ ನೋಡಲು ಇಲ್ಲಿ ಯತ್ನಿಸಿದ್ದೇವೆ.

*

ಮೊದಲು ಪತ್ರಿಕೆಯ ಬಗ್ಗೆ ಎರಡು ಮಾತು. ಚಂದಮಾಮ ನಮ್ಮೂರಿನ ಪತ್ರಿಕೆ ಎಂದರೆ ಬೆಂಗಳೂರಿನ ನೆಂಟರು ನಕ್ಕಾರು. ಆದರೆ ಮಾತು ನಿಜ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರ ಜುಲೈಯಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂತು. ಅದರ ಮನೆ ಬಹುಕಾಲ ಇದೇ ಮದರಾಸಿನ ವಡಪಳನಿ. ಧಾರವಾಡದ ಮಗು, ಮಂಗಳೂರಿನ ಮಗು, ಮೈಸೂರಿನ ಮಗು ತಿಂಗಳು ತಿಂಗಳೂ ಕಾದು ಓದುತ್ತಿದ್ದ ಕನ್ನಡ ಇಲ್ಲಿಂದ ಹೊರಟು ಹೋಗುತ್ತಿತ್ತು. ನಾಡು ಬಿಟ್ಟು ಬಂದ ನಾವು ಕನ್ನಡವನ್ನು ಊರಿನಿಂದ ತರಿಸಿಕೊಳ್ಳಬೇಕಾದವರು. ಈ ಒಂದು ವಿಷಯದಲ್ಲಿ ಮಾತ್ರ ಊರಿಗೆ ಕಳಿಸಿಕೊಡುವ ಊರಿನವರಾಗಿದ್ದೆವು.

ನಾವು ಪೆರಂಬೂರಿನ ಶಾಲೆಯಲ್ಲಿ ತಮಿಳು ಕಲಿತವರು. ಕನ್ನಡ ಅಕ್ಷರ ಬಂದುದು ಮನೆಯಲ್ಲಿ, ಚಂದಮಾಮದ ದಪ್ಪಕ್ಷರದ ತಲೆಬರಹಗಳ ಮೇಲೆ ತಾಯಿಯವರು ಬೆರಳಿಟ್ಟು ಓದಿಸಿದಾಗ. ಪಕ್ಕದ ಮನೆಯ ಹುಡುಗನ ಕೈಯಲ್ಲಿ ಇದೇ ಪತ್ರಿಕೆ ‘ಅಂಬುಲಿಮಾಮಾ’ ಎಂಬ ಹೆಸರಿನಲ್ಲಿರುತ್ತಿತ್ತು. ಚಿತ್ರ ಒಂದೇ, ಅಕ್ಷರ ಬೇರೆ. ಎರಡನ್ನೂ ಅಕ್ಕಪಕ್ಕ ಹಿಡಿದು ನಾವು ಅವನ ಭಾಷೆಯನ್ನು ಗಟ್ಟಿಮಾಡಿಕೊಂಡೆವು, ಅವನು ನಮ್ಮದನ್ನು ಅಷ್ಟಿಷ್ಟು ಕಲಿತ. ತಮಿಳರ ಗಾದೆಯಲ್ಲಿ ಬೇತಾಳ ಮತ್ತೆ ಮತ್ತೆ ಏರುವುದು ನುಗ್ಗೆ ಮರವನ್ನು. ನಮ್ಮ ಹಿತ್ತಲಲ್ಲೂ ಒಂದು ನುಗ್ಗೆ ಮರವಿದ್ದುದರಿಂದ ಸಂಜೆಯಾದ ಮೇಲೆ ಆ ಕಡೆ ಹೋಗಲು ನಮಗಿಬ್ಬರಿಗೂ ಒಂದೇ ಭಯ.

ಬೇತಾಳ ಕಥೆಗೆ ಮುಖ ಕೊಟ್ಟವರು ಚಿತ್ರಗಾರ ಶಂಕರ್. ಪೂರ್ಣ ಹೆಸರು ಕೆ. ಸಿ. ಶಿವಶಂಕರನ್. ಅವರು 1952ರಲ್ಲಿ ಚಂದಮಾಮ ಸೇರಿದರು. 2020ರ ಸೆಪ್ಟೆಂಬರಿನಲ್ಲಿ ಚೆನ್ನೈಯಲ್ಲಿ ತೀರಿಕೊಂಡರು. 2021ರಲ್ಲಿ ಮರಣೋತ್ತರವಾಗಿ ಪದ್ಮಶ್ರೀ ಬಂತು. ಹಿರಿದ ಕತ್ತಿ, ಹೆಗಲ ಮೇಲೆ ಹೆಣ, ಸುತ್ತಲೂ ಸ್ಮಶಾನ. ಅವರ ಆ ಚಿತ್ರವನ್ನು ಕಂಡವರು ಮರೆಯುವುದಿಲ್ಲ. ‘ಛಲ ಬಿಡದ ತ್ರಿವಿಕ್ರಮ’ ಎಂಬ ಮಾತು ನಮ್ಮ ಅಡಿಗೆಮನೆಯ ಮಾತಿನಲ್ಲೂ ಸೇರಿಹೋಗಲು ಆ ಚಿತ್ರವೂ ಕಾರಣವೆನ್ನಬೇಕು. ರಾಜನ ರೂಪ ನಮಗೆ ಬಾಯಿಪಾಠ. ಬೇತಾಳದ ಪೂರ್ವಾಶ್ರಮವೇ ತಿಳಿಯದು.

*

ಈಗ ಊಹೆಗಳು.

ಗಾಣಿಗನ ವಾದಕ್ಕೆ ಗ್ರಂಥದ ಬೆಂಬಲವುಂಟು. ಹಿಂದಿಯ ‘ಬೈತಾಲ್ ಪಚೀಸೀ’ಯಲ್ಲಿ, ಅದನ್ನನುಸರಿಸಿ ರಿಚರ್ಡ್ ಬರ್ಟನ್ 1870ರಲ್ಲಿ ಇಂಗ್ಲಿಷಿನಲ್ಲಿ ಬರೆದ ಪುಸ್ತಕದಲ್ಲಿ, ಕಥೆಯ ಆರಂಭಕ್ಕೇ ಈ ಸಂಗತಿ ಬರುತ್ತದೆ. ಒಂದೇ ಊರಿನಲ್ಲಿ, ಒಂದೇ ನಕ್ಷತ್ರದಲ್ಲಿ, ಒಂದೇ ಗಳಿಗೆಯಲ್ಲಿ ಮೂವರು ಹುಟ್ಟಿದರು. ಒಬ್ಬ ಅರಮನೆಯಲ್ಲಿ, ಒಬ್ಬ ಗಾಣಿಗರ ಮನೆಯಲ್ಲಿ, ಒಬ್ಬ ಕುಂಬಾರರ ಮನೆಯಲ್ಲಿ. ಕುಂಬಾರರವನು ಯೋಗಿಯಾಗಿ, ಗಾಣಿಗರವನನ್ನು ಕೊಂದು, ತಲೆಕೆಳಗಾಗಿ ಮರಕ್ಕೆ ತೂಗುಹಾಕಿದ್ದಾನೆ; ಇನ್ನುಳಿದವನು ರಾಜ. ಈ ವಾದದ ಬಲವೆಂದರೆ, ಅದೇ ಹೆಣ ಏಕೆ, ಅದೇ ರಾಜ ಏಕೆ ಎಂಬ ಎರಡು ಪ್ರಶ್ನೆಗಳು ಒಂದೇ ಏಟಿಗೆ ಬಗೆಹರಿಯುತ್ತವೆ. ಹೊತ್ತವನೂ ಹೊರಿಸಿಕೊಂಡವನೂ ಒಂದೇ ಜಾತಕದವರು ಎಂಬುದು ಸಾಮಾನ್ಯ ಕಲ್ಪನೆಯಲ್ಲ.

ಆದರೂ ನಮಗೆ ಇದು ಸಾಲದು. ಗಾಣಿಗನ ಕಥೆ ಹೆಣ ಯಾರದೆಂದು ಹೇಳುತ್ತದೆ. ಅದರೊಳಗಿಂದ ಮಾತಾಡುವುದು ಯಾರು? ಸಂಸ್ಕೃತದ ಸೋಮದೇವನಲ್ಲಿ ಹೆಣ ಬೇರೆ, ಅದನ್ನು ಹೊಕ್ಕ ವೇತಾಳ ಬೇರೆ. ಕೊನೆಗೆ ವೇತಾಳ ಹೆಣವನ್ನು ಬಿಟ್ಟು ಹೊರಡುತ್ತದೆ. ಚಂದಮಾಮವೂ ಶವದೊಳಗಿನ ಬೇತಾಳವೆಂದೇ ಹೇಳುತ್ತಿತ್ತು. ಮನೆ ಯಾರದೆಂದು ಗೊತ್ತಾದರೆ ಬಾಡಿಗೆಗಿರುವವರು ಯಾರೆಂದು ತಿಳಿದಂತಾಯಿತೆ? ಈ ಊರಿನಲ್ಲಿ ಹತ್ತು ಬಾಡಿಗೆ ಮನೆಗಳನ್ನು ಬದಲಾಯಿಸಿದ ನಾವಾದರೂ ಆ ತಪ್ಪು ಮಾಡಬಾರದು.

ಎರಡನೆಯದು ಶಾಪದ ವಾದ. ತಮಿಳಿನ ವೇದಾಳ ಕಥೆಯ ಸಂಪ್ರದಾಯದಲ್ಲಿ ಇದಕ್ಕೆ ನೆಲೆಯಿದೆ. ಶಿವನು ಪಾರ್ವತಿಗೆ ಏಕಾಂತದಲ್ಲಿ ಹೇಳಿದ ಕಥೆಗಳನ್ನು ಬ್ರಾಹ್ಮಣನೊಬ್ಬ ಕದ್ದು ಕೇಳಿದ, ಹೆಂಡತಿಗೆ ಹೇಳಿದ, ಬೇತಾಳವಾಗೆಂದು ಶಾಪ ಪಡೆದ. ಈ ಊಹೆಯ ಗುಣವೆಂದರೆ ಬೇತಾಳಕ್ಕೆ ಇಷ್ಟು ಕಥೆಗಳು ಎಲ್ಲಿಂದ ಬಂದುವೆಂಬುದಕ್ಕೆ ಕಾರಣ ಸಿಗುತ್ತದೆ. ಆದರೆ ಇದೇ ಕಥೆ ಇನ್ನೊಂದು ಕಡೆ ಮೊದಲೇ ಇದೆ. ಸೋಮದೇವನ ‘ಕಥಾಸರಿತ್ಸಾಗರ’ದ ಬಾಗಿಲಲ್ಲೇ ಪುಷ್ಪದಂತನೆಂಬ ಶಿವಗಣ ಹೀಗೆಯೇ ಕದ್ದು ಕೇಳಿ, ಹೆಂಡತಿ ಜಯೆಗೆ ಹೇಳಿ, ಶಾಪಗ್ರಸ್ತನಾಗಿ ವರರುಚಿಯಾಗಿ ಹುಟ್ಟುತ್ತಾನೆ. ಅವನ ಪರ ಮಾತಾಡಿದ ಮಾಲ್ಯವಂತನು ಗುಣಾಢ್ಯನಾಗಿ ಹುಟ್ಟಿ, ‘ಬೃಹತ್ಕಥೆ’ಯನ್ನು ಪೈಶಾಚೀ ಭಾಷೆಯಲ್ಲಿ ಬರೆಯುತ್ತಾನೆ. ಗಂಗ ದೊರೆ ದುರ್ವಿನೀತನು ಇದೇ ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದನೆಂದು ಶಾಸನಗಳು ಹೇಳುವುದರಿಂದ ನಮಗೂ ಈ ಸಂಸಾರದಲ್ಲಿ ಒಂದು ಪಾಲಿದೆ. ಇರಲಿ. ಪುಷ್ಪದಂತನ ಅಂಗಿಯನ್ನು ಬೇತಾಳಕ್ಕೆ ತೊಡಿಸಿದಂತೆ ಈ ವಾದ ನಮಗೆ ಕಾಣುತ್ತದೆ. ಅಲ್ಲದೆ, ಚಂದಮಾಮದ ಬೇತಾಳದಲ್ಲಿ ಶಾಪ ಅನುಭವಿಸುವವರ ದುಃಖವೇ ಇಲ್ಲ. ಅದು ರಾಜನನ್ನು ಕೆಣಕುತ್ತದೆ, ಮರುಕಪಡುತ್ತದೆ, ಆಯಾಸ ತಿಳಿಯದಿರಲೆಂದು ಕಥೆ ಹೇಳುತ್ತದೆ, ಉತ್ತರ ಬಂದೊಡನೆ ಹಾರಿಹೋಗುತ್ತದೆ. ಬಿಡುಗಡೆ ಬೇಕಾದವರು ಹೀಗೆ ಮರಕ್ಕೇ ಹಿಂತಿರುಗುವರೆ?

ಕಾರವಾರದವರ ಮಾತನ್ನು ಬೇಗ ಒಪ್ಪಿ ಮುಂದೆ ಹೋಗಬಹುದು. ಗೋವೆಯಲ್ಲಿ, ಅದಕ್ಕೆ ಹೊಂದಿದ ನಮ್ಮ ಕರಾವಳಿಯಲ್ಲಿ, ಬೇತಾಳ ಊರು ಕಾಯುವ ದೇವರು. ಲೋಲಿಯೆಮ್ಮಿನ ಆಳೆತ್ತರ ಮೀರಿದ ಕಲ್ಲಿನ ಬೇತಾಳ ಪ್ರಸಿದ್ಧವಾದುದು. ಊರಿಗೆ ಕಾವಲಿರುವ ದೇವರ ಹಿಂದಿನ ಮನೆ ಯಾವುದೆಂದು ಭಕ್ತರು ವಿಚಾರಿಸುವುದಿಲ್ಲ. ಕಥೆ ಓದುವವರು ಮಾತ್ರ ವಿಚಾರಿಸುತ್ತಾರೆ.

ತಾಯಿಯೊಬ್ಬರು ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆ ನಮ್ಮನ್ನು ಹೆಚ್ಚು ದಿನ ಕಾಡಿತು. ಬೇತಾಳ ಹೆಂಗಸಾಗಿದ್ದಿರಬಹುದೆ? ಹೌದೆನ್ನಲು ಗ್ರಂಥದ ಆಧಾರ ನಮಗೆ ಸಿಗಲಿಲ್ಲ. ಆದರೆ ಕಥೆಗಳನ್ನೇ ನೋಡಿ. ಒಬ್ಬಳಿಗೆ ಮೂವರು ವರರು, ಅವಳು ಯಾರಿಗೆ ಸೇರಬೇಕು? ಗಂಡನ ತಲೆ ಇನ್ನೊಬ್ಬನ ಮೈಗೆ ಅಂಟಿದರೆ ಹೆಂಡತಿ ಯಾರವಳು? ಪ್ರಶ್ನೆಗಳಲ್ಲಿ ಬಹುಪಾಲು ಹೆಣ್ಣಿನ ಬಾಳಿನವು. ಉತ್ತರ ಹೇಳುವವನು ರಾಜ. ಆ ಹೆಣ್ಣನ್ನು ಕೇಳಿದವರೇ ಇಲ್ಲ.

ತಲೆ ಅದಲುಬದಲಾದ ಕಥೆಯ ಹಿಂದಣ ಮುಂದಣ ಇತಿಹಾಸ ಇಲ್ಲಿ ನೆನೆಯತಕ್ಕದ್ದು. ಸೋಮದೇವನಲ್ಲಿ ಮದನಸುಂದರಿ ದೇವಿಯ ಗುಡಿಯಲ್ಲಿ ಗಂಡನ ತಲೆಯನ್ನೂ ಅಣ್ಣನ ತಲೆಯನ್ನೂ ಗಾಬರಿಯಲ್ಲಿ ಅದಲುಬದಲು ಮಾಡಿಬಿಡುತ್ತಾಳೆ. ಅಂಗಗಳಲ್ಲಿ ತಲೆಯೇ ಪ್ರಧಾನ, ಆದ್ದರಿಂದ ಗಂಡನ ತಲೆಯಿದ್ದವನೇ ಗಂಡ ಎಂದು ರಾಜನ ತೀರ್ಪು. ಬೇತಾಳ ಒಪ್ಪಿ ಮರಕ್ಕೆ ಹೋಯಿತು. ಜರ್ಮನಿಯ ಥಾಮಸ್ ಮಾನ್ 1940ರಲ್ಲಿ ಇದನ್ನು ನೀಳ್ಗತೆ ಮಾಡುವಾಗ ಅಣ್ಣನ ಜಾಗಕ್ಕೆ ಗೆಳೆಯನನ್ನು ತಂದ. ಗಿರೀಶ ಕಾರ್ನಾಡರು ‘ಹಯವದನ’ದಲ್ಲಿ ಅದನ್ನು ಕನ್ನಡಕ್ಕೆ ಮರಳಿಸಿ, ದೇವದತ್ತ, ಕಪಿಲ, ಪದ್ಮಿನಿಯರನ್ನು ರಂಗಕ್ಕೆ ತಂದರು. ತೀರ್ಪು ಹೊರಬಿದ್ದ ಮೇಲೆ ಪದ್ಮಿನಿ ಹೇಗೆ ಬಾಳಿದಳೆಂಬುದು ಆ ನಾಟಕದ ವಸ್ತು. ರಾಜನ ಉತ್ತರದ ಆಚೆಗೆ ಕಥೆ ಉಳಿದಿದೆಯೆಂದು ಹೇಳಲು ಎಂಟೊಂಬತ್ತು ನೂರು ವರ್ಷ ಹಿಡಿಯಿತು. ಬಾಗಿಲಲ್ಲಿ ನಿಂತ ತಾಯಿ ಕೇಳಿದುದೂ ಅದನ್ನೇ. ಅವರ ಊಹೆ ಬೇತಾಳದ ವಿಷಯದಲ್ಲಿ ನಿಜವಲ್ಲದಿರಬಹುದು, ಕಥೆಗಳ ವಿಷಯದಲ್ಲಿ ನಿಜ.

ಉಳಿದದ್ದು ಹುಡುಗನ ಊಹೆ. ಬೇತಾಳವೂ ಹಿಂದೊಮ್ಮೆ ರಾಜ, ಉತ್ತರ ತಿಳಿದೂ ಬಾಯಿ ಬಿಡಲಿಲ್ಲ, ತಲೆ ಸಿಡಿಯಿತು. ನಾವು ಕಂಡ ಯಾವ ಗ್ರಂಥದಲ್ಲೂ ಹೀಗಿಲ್ಲ. ಆದರೂ ನಾಲ್ಕು ಕಾರಣಗಳಿಂದ ಇದು ಗಟ್ಟಿಯಾದ ಊಹೆ. ಒಂದು, ತಲೆ ಒಡೆಯುತ್ತದೆಂಬ ಬೆದರಿಕೆ ಇಡೀ ಸರಣಿಯಲ್ಲಿ ಒಮ್ಮೆಯೂ ನಡೆದು ತೋರಿಸಲ್ಪಡುವುದಿಲ್ಲ. ನಂಬಬೇಕಾದರೆ ಹಿಂದೆ ಯಾರಿಗಾದರೂ ಆಗಿರಬೇಕು. ಎರಡು, ಬೇತಾಳ ರಾಜನೊಡನೆ ಸಮಾನನಂತೆ ಮಾತಾಡುತ್ತದೆ. ಮೂರು, ಅದಕ್ಕೆ ಅರಮನೆಯ ಒಳಗುಟ್ಟೆಲ್ಲ ಗೊತ್ತು. ನಾಲ್ಕು, ಅದಕ್ಕೆ ಬೇಕಾದುದು ರಾಜನ ಸೋಲಲ್ಲ. ತಿಳಿದವನು ತಿಳಿದುದನ್ನು ಹೇಳಬೇಕೆಂಬುದಷ್ಟೇ ಅದರ ಹಟ. ಸ್ವಂತ ಅನುಭವವಿಲ್ಲದೆ ಇಂಥ ಹಟ ಹುಟ್ಟುವುದಿಲ್ಲವೆಂದು ಹನ್ನೊಂದು ವರ್ಷದ ಬುದ್ಧಿಗೆ ಹೊಳೆದುದು ನಮಗೆ ಹೆಮ್ಮೆಯ ವಿಷಯ.

*

ಇಷ್ಟೆಲ್ಲ ಊಹಿಸಿದ ಮೇಲೆ ಮೂಲವನ್ನು ತೆರೆದು ನೋಡಿದರೆ ಒಂದು ಆಶ್ಚರ್ಯ ಕಾದಿರುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ರಾಣಿ ಸೂರ್ಯವತಿಗಾಗಿ ಸೋಮದೇವ ಹೇಳಿದ ಕಥೆಯ ಚೌಕಟ್ಟು ಇದು. ಗೋದಾವರಿ ತೀರದ ಪ್ರತಿಷ್ಠಾನ, ಎಂದರೆ ಈಗಿನ ಪೈಠಣ, ತ್ರಿವಿಕ್ರಮಸೇನನ ರಾಜಧಾನಿ. ಕ್ಷಾಂತಿಶೀಲನೆಂಬ ಭಿಕ್ಷು ದಿನಕ್ಕೊಂದು ಹಣ್ಣು ತಂದುಕೊಡುತ್ತಾನೆ. ಒಂದು ದಿನ ಕೋತಿ ಕಚ್ಚಿದಾಗ ಹಣ್ಣಿನೊಳಗಿಂದ ರತ್ನ ಉರುಳುತ್ತದೆ. ಋಣಕ್ಕೆ ಬಿದ್ದ ರಾಜ ಶಿಂಶಪಾ ಮರದ ಹೆಣವನ್ನು ತರಲು ಒಪ್ಪುತ್ತಾನೆ. ಇಪ್ಪತ್ತಮೂರು ಸಲ ಉತ್ತರ ಹೇಳಿ ಹೆಣವನ್ನು ಕಳೆದುಕೊಳ್ಳುತ್ತಾನೆ.

ಇಪ್ಪತ್ತನಾಲ್ಕನೆಯ ಸಲ ಸುಮ್ಮನಾಗುತ್ತಾನೆ. ಆ ಪ್ರಶ್ನೆ ನೆಂಟಸ್ತಿಕೆಯದು. ಒಬ್ಬ ತಂದೆ, ಒಬ್ಬ ಮಗ ಕಾಡಿನಲ್ಲಿ ಇಬ್ಬರು ಹೆಂಗಸರ ಹೆಜ್ಜೆ ಗುರುತು ಕಾಣುತ್ತಾರೆ. ದೊಡ್ಡ ಪಾದದವಳು ತಂದೆಗೆ, ಸಣ್ಣ ಪಾದದವಳು ಮಗನಿಗೆ ಎಂದು ಮಾತಾಗುತ್ತದೆ. ಹೋಗಿ ನೋಡಿದರೆ ದೊಡ್ಡ ಪಾದದವಳು ಮಗಳು, ಸಣ್ಣ ಪಾದದವಳು ತಾಯಿ. ಕೊಟ್ಟ ಮಾತಿನಂತೆ ಮದುವೆಗಳು ನಡೆದು ಮಕ್ಕಳಾದರೆ, ಆ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ಧರ್ಮಸೂಕ್ಷ್ಮವೆಲ್ಲ ತಿಳಿದ ರಾಜನಿಗೂ ಇದು ತಿಳಿಯಲಿಲ್ಲ. ತಿಳಿಯದೆ ಸುಮ್ಮನಿದ್ದವನ ತಲೆ ಒಡೆಯುವುದಿಲ್ಲ. ಬೇತಾಳ ಮೆಚ್ಚಿ, ಭಿಕ್ಷುವಿನ ಒಳಸಂಚನ್ನು ತಿಳಿಸುತ್ತದೆ: ಸಾಷ್ಟಾಂಗ ಮಾಡೆಂದರೆ, ಹೇಗೆಂದು ತೋರಿಸಿಕೊಡೆನ್ನು, ಅವನು ಬಾಗಿದಾಗ ಕತ್ತಿ ಬೀಸು. ಹಾಗೆಯೇ ನಡೆಯುತ್ತದೆ. ವರ ಕೇಳೆಂದಾಗ ರಾಜ ಕೇಳಿದ್ದು ಈ ಕಥೆಗಳು ಲೋಕದಲ್ಲಿ ಪ್ರಸಿದ್ಧವಾಗಲೆಂದು.

ಆಮೇಲೆ ಶಿವನು ದೇವತೆಗಳೊಡನೆ ಪ್ರತ್ಯಕ್ಷನಾಗಿ ಒಂದು ಪೂರ್ವವೃತ್ತಾಂತವನ್ನು ಹೊರಗೆಡಹುತ್ತಾನೆ. ಯಾರದು? ರಾಜನದು! ನನ್ನ ಅಂಶದಿಂದಲೇ ನೀನು ಹಿಂದೆ ವಿಕ್ರಮಾದಿತ್ಯನಾಗಿ ಹುಟ್ಟಿದ್ದೆ, ಈಗ ತ್ರಿವಿಕ್ರಮಸೇನನಾಗಿದ್ದೀಯೆ ಎಂದು ತಿಳಿಸುತ್ತಾನೆ. ಬೇತಾಳದ ಹಿಂದಿನ ಬದುಕಿನ ಬಗ್ಗೆ ಅಲ್ಲಿ ಚಕಾರವಿಲ್ಲ. ಹೆಗಲ ಮೇಲಿನವನು ಯಾರೆಂದು ನಾವು ಶತಮಾನಗಳಿಂದ ತಲೆ ಕೆಡಿಸಿಕೊಂಡಿದ್ದೇವೆ. ತಾನು ಯಾರೆಂಬುದು ಹೊತ್ತವನಿಗೇ ಕೊನೆಯವರೆಗೆ ಗೊತ್ತಿರಲಿಲ್ಲ. ಸೋಮದೇವನ ಜಾಣ್ಮೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಚಂದಮಾಮ ಈ ಕೊನೆಯನ್ನು ದೂರವಿಟ್ಟೇ ಬದುಕಿತು. ಮೂಲದ ಇಪ್ಪತ್ತೈದು ಕಥೆಗಳು ಎಷ್ಟು ತಿಂಗಳಿಗೆ ಸಾಕು? ಮುಂದೆ ನೂರಾರು ಹೊಸ ಕಥೆಗಳನ್ನು ಬೇತಾಳದ ಬಾಯಲ್ಲಿ ಹೇಳಿಸಿದರು. ಭಿಕ್ಷು ಸ್ಮಶಾನದಲ್ಲಿ ದಶಕಗಳ ಕಾಲ ಕಾದು ಕುಳಿತ. ರಾಜನ ಉತ್ತರ ಎಂದೂ ತಪ್ಪಲಿಲ್ಲ, ಬೇತಾಳದ ಗುಟ್ಟು ಎಂದೂ ಒಡೆಯಲಿಲ್ಲ. ಇದರಿಂದ ಕೆಲವು ದೋಷಗಳೂ ಬಂದುವೆಂದು ಒಪ್ಪಿಕೊಳ್ಳಬೇಕು. ಈಗ ಆರು ಸಂಪುಟಗಳನ್ನು ಒಟ್ಟಿಗೆ ಓದಿದಾಗ, ಕೆಲವು ಕಥೆಗಳಲ್ಲಿ ಪ್ರಶ್ನೆ ಕಥೆಯಿಂದ ಹುಟ್ಟದೆ ಕೊನೆಗೆ ಹೊಲಿದ ತೇಪೆಯಂತೆ ಕಾಣುತ್ತದೆ. ಕಥೆಯಲ್ಲಿ ಇಲ್ಲದ ಸಂಗತಿಯನ್ನು ರಾಜ ಎಲ್ಲಿಂದಲೋ ತಂದು ಉತ್ತರ ಕಟ್ಟುತ್ತಾನೆ. ಚಿಕ್ಕಂದಿನಲ್ಲಿ ನಮ್ಮ ಉತ್ತರ ತಪ್ಪಾದಾಗಲೆಲ್ಲ ನಮ್ಮ ಬುದ್ಧಿಯೇ ಸಾಲದೆಂದುಕೊಂಡಿದ್ದೆವು. ಎಷ್ಟೋ ಸಲ ತಪ್ಪು ರಾಜನದಾಗಿತ್ತೆಂದು ಈಗ ತೋರುತ್ತದೆ.

ಆದರೆ ಗುಟ್ಟನ್ನು ಒಡೆಯದೆ ಉಳಿಸಿದ್ದು ದೋಷವಲ್ಲ, ವಿವೇಕ. ಹೋಲಿಕೆಗೆ ಅಮೆರಿಕದ ಒಂದು ಉದಾಹರಣೆ ಕೊಡುತ್ತೇವೆ.

*

ನಮ್ಮ ಬೀದಿಯ ಹುಡುಗರು ಚಂದಮಾಮ ಬಿಟ್ಟು ಕಾಮಿಕ್ಸಿಗೆ ಹಾರಿದುದು ಎಪ್ಪತ್ತರ ದಶಕದಲ್ಲಿ. ಇಂದ್ರಜಾಲ ಕಾಮಿಕ್ಸಿನ ಫ್ಯಾಂಟಮ್ ಒಂದು ಕಡೆ. 1972ರಲ್ಲಿ ಶಿವಕಾಶಿಯ ಮುತ್ತು ಕಾಮಿಕ್ಸ್ ತಂದ ‘ಇರುಂಬುಕ್ಕೈ ಮಾಯಾವಿ’, ಎಂದರೆ ಕಬ್ಬಿಣದ ಕೈಯ ಮಾಯಾವಿ, ಇನ್ನೊಂದು ಕಡೆ. ಈ ವೀರರ ಪೂರ್ವಕಥೆಯಲ್ಲಿ ಗುಟ್ಟಿಲ್ಲ. ಫ್ಯಾಂಟಮ್ಮನ ಮೂಲಪುರುಷ ತಲೆಬುರುಡೆಯ ಮೇಲೆ ಪ್ರತಿಜ್ಞೆ ಮಾಡಿದುದನ್ನು ಎಷ್ಟು ಸಲ ಓದಿಲ್ಲ? ಮಾಯಾವಿ ಕೈ ಕಳೆದುಕೊಂಡುದೂ, ವಿದ್ಯುತ್ತಿನ ಆಘಾತದಿಂದ ಅದೃಶ್ಯನಾಗುವುದೂ ಎಲ್ಲರಿಗೂ ಗೊತ್ತು. ಅವರ ಬಗ್ಗೆ ಮುಂದೇನೆಂದು ಕೇಳುತ್ತಿದ್ದೆವು. ಹಿಂದೇನೆಂದು ಕೇಳಿದವರಿಲ್ಲ.

ಇದಕ್ಕೆ ಹೊರತಾದವನು ‘ಫ್ಯಾಂಟಮ್ ಸ್ಟ್ರೇಂಜರ್’. ಹೆಸರು ಹತ್ತಿರವಾದರೂ ನಮ್ಮ ಫ್ಯಾಂಟಮ್ಮಿಗೂ ಇವನಿಗೂ ಸಂಬಂಧವಿಲ್ಲ. 1952ರಲ್ಲಿ, ಎಂದರೆ ಶಂಕರ್ ಚಂದಮಾಮ ಸೇರಿದ ವರ್ಷವೇ, ಡಿಸಿ ಕಂಪನಿಯ ಕಾಮಿಕ್ಸಿನಲ್ಲಿ ಕಾಣಿಸಿಕೊಂಡ. ಕಣ್ಣಿಗೆ ನೆರಳು ಬೀಳುವ ಟೋಪಿ, ಉದ್ದನೆಯ ಮೇಲಂಗಿ. ಕಷ್ಟದಲ್ಲಿದ್ದವರ ಎದುರು ಎಲ್ಲಿಂದಲೋ ಬಂದು, ಎಚ್ಚರಿಕೆ ಹೇಳಿ, ಹೋಗಿಬಿಡುತ್ತಾನೆ. ಹೆಸರಿಲ್ಲ, ಊರಿಲ್ಲ. ಓದುಗರು ಮೂರು ದಶಕ ಊಹಿಸಿದರು. 1987ರ ಜನವರಿಯ ಸಂಚಿಕೆಯೊಂದರಲ್ಲಿ ಪ್ರಕಾಶಕರು ಅವನ ಮೂಲವನ್ನು ಹೇಳಹೊರಟರು. ಆದರೆ ನಾಲ್ವರು ಲೇಖಕರಿಂದ ನಾಲ್ಕು ಕಥೆ ಬರೆಯಿಸಿದರು! ಒಂದರಲ್ಲಿ ಅವನು ಶಾಪ ಹೊತ್ತು ಲೋಕವೆಲ್ಲ ಅಲೆಯುವ ಯೆಹೂದಿ. ಒಂದರಲ್ಲಿ ದೈವಕೋಪಕ್ಕೆ ನಾಶವಾದ ಊರಿನಲ್ಲಿ ಉಳಿದವನು. ಒಂದರಲ್ಲಿ ಹಿಂದಿನ ವಿಶ್ವ ಮುಗಿದು ಹೊಸ ವಿಶ್ವ ಹುಟ್ಟುವ ಕಾಲದಿಂದ ಬಂದವನು. ಅಲನ್ ಮೂರ್ ಬರೆದ ನಾಲ್ಕನೆಯದರಲ್ಲಿ, ದೇವತೆಗಳ ಯುದ್ಧದಲ್ಲಿ ಯಾವ ಪಕ್ಷವನ್ನೂ ಸೇರದೆ ಎರಡೂ ಕಡೆಗೆ ಬೇಡವಾದ ಗಂಧರ್ವನಂಥವನು. ಯಾವುದು ನಿಜವೆಂದು ಹೇಳಲಿಲ್ಲ. ಓದುಗರ ಊಹೆಗೆ ಇದಕ್ಕಿಂತ ದೊಡ್ಡ ಗೌರವ ಬೇರಿಲ್ಲ.

2012ರಲ್ಲಿ ಅದೇ ಪ್ರಕಾಶಕರು ಮನಸ್ಸು ಬದಲಾಯಿಸಿದರು. ಅವನು ಏಸುವನ್ನು ಹಿಡಿದುಕೊಟ್ಟ ಜೂದಾಸನೆಂದು ತೋರಿಸಿ, ಮೂವತ್ತು ಬೆಳ್ಳಿ ನಾಣ್ಯಗಳನ್ನು ಕೊರಳಿಗೆ ಹಾಕಿಸಿದರು. ಉತ್ತರ ಸಿಕ್ಕಿತು, ಅಪರಿಚಿತ ಹೋದ. ಅವನ ಪ್ರತಿ ಹೆಜ್ಜೆಯೂ ಆಮೇಲೆ ಆ ಮೂವತ್ತು ನಾಣ್ಯಗಳ ಲೆಕ್ಕವಾಯಿತು. ನಾಲ್ಕು ಸಾಧ್ಯತೆಗಳಿದ್ದಾಗ ಅವನಿಗಿದ್ದ ಆಳ ಒಂದು ಉತ್ತರದಿಂದ ಹೆಚ್ಚಲಿಲ್ಲ, ಕುಗ್ಗಿತೆಂದೇ ನಮ್ಮ ಅಭಿಪ್ರಾಯ.

ಚಂದಮಾಮ ಈ ತಪ್ಪು ಮಾಡಲಿಲ್ಲ. ಅದಕ್ಕೆ ಬೇರೆ ಕಷ್ಟಗಳು ಬಂದುವು. 1998ರಲ್ಲಿ ನಿಂತು, ಮರುವರ್ಷ ಹೊರಟು, 2007ರಲ್ಲಿ ಮುಂಬಯಿಯ ಕಂಪನಿಯೊಂದರ ಕೈಸೇರಿ, 2013ರ ಹೊತ್ತಿಗೆ ನಿಂತೇ ಹೋಯಿತು. ಬೇತಾಳ ಗುಟ್ಟನ್ನು ಇಟ್ಟುಕೊಂಡೇ ಮರದ ಮೇಲೆ ಉಳಿಯಿತು.

*

ಇಲ್ಲಿ ಒಂದು ಮನೆಯ ಮಾತು ಹೇಳಬೇಕು, ಓದುಗರು ಕ್ಷಮಿಸಬೇಕು. ಇಂಟಿಗ್ರಲ್ ಕೋಚ್ ಫ್ಯಾಕ್ಟರಿ 1955ರಲ್ಲಿ ಆರಂಭವಾದ ಮೇಲೆ, ನಮ್ಮಲ್ಲಿ ಅನೇಕರ ಹಿರಿಯರಂತೆ ನಮ್ಮ ತಂದೆಯವರೂ ಪೆರಂಬೂರಿಗೆ ಬಂದರು. ಊರು ಚನ್ನರಾಯಪಟ್ಟಣದ ಕಡೆ. ಊರಲ್ಲಿ ಜಮೀನಿತ್ತು, ಅಣ್ಣತಮ್ಮಂದಿರಿದ್ದರು. ಅವರು ಊರು ಬಿಟ್ಟುದೇಕೆಂದು ನಮಗೆ ಎಂದೂ ಹೇಳಲಿಲ್ಲ. ಹಬ್ಬಕ್ಕೆ ಕರೆ ಬಂದರೆ ರಜವಿಲ್ಲವೆನ್ನುತ್ತಿದ್ದರು. ನಾವು ಮೂವರು ಮಕ್ಕಳು ಮೂರು ಕಥೆ ಕಟ್ಟಿಕೊಂಡಿದ್ದೆವು. ಜಮೀನಿನ ಜಗಳವೆಂದು ಅಣ್ಣ, ಸಾಲವೆಂದು ನಾವು, ಯಾರನ್ನೋ ಮದುವೆಯಾಗಬೇಕೆಂದಿದ್ದರು, ಆಗಲಿಲ್ಲ ಎಂದು ತಂಗಿ. ಅವರ ವೈಕುಂಠ ಸಮಾರಾಧನೆಯ ದಿನ ಊರಿನಿಂದ ಬಂದ ದೊಡ್ಡಪ್ಪನವರು ಎಲೆಯ ಮುಂದೆ ಕುಳಿತು, “ನಿಮ್ಮಪ್ಪ ಊರು ಬಿಟ್ಟ ದಿವಸ...” ಎಂದು ಶುರುಮಾಡಿದರು. ತಾಯಿಯವರು ಇನ್ನೊಂದು ಹೋಳಿಗೆ ಬಡಿಸಿ, “ಊಟ ಮಾಡಿ ಭಾವ, ಆರಿಹೋಗುತ್ತೆ” ಎಂದರು. ದೊಡ್ಡಪ್ಪ ಸುಮ್ಮನಾದರು. ನಾವೂ ಆಮೇಲೆ ಕೇಳಲಿಲ್ಲ.

ಆದರೆ ತಿಂಗಳಿಗೊಮ್ಮೆ ಚಂದಮಾಮ ಬಂದ ರಾತ್ರಿ, ಶಿಫ್ಟ್ ಮುಗಿಸಿ ಬಂದು ಕೈಕಾಲು ತೊಳೆದು, ಅವರು ಬೇತಾಳ ಕಥೆಯನ್ನು ನಮಗೆ ಗಟ್ಟಿಯಾಗಿ ಓದುತ್ತಿದ್ದರು. ಬೇತಾಳದ ಪ್ರಶ್ನೆ ಬಂದೊಡನೆ ಪುಸ್ತಕದ ಮೇಲೆ ಅಂಗೈ ಮುಚ್ಚಿ, “ಈಗ ನೀವು ಹೇಳಿ” ಎನ್ನುತ್ತಿದ್ದರು. ಕನ್ನಡದಲ್ಲೇ ಹೇಳಬೇಕು. ತಮಿಳು ಪದ ನುಸುಳಿದರೆ ಮೊದಲಿನಿಂದ. ಮೂವರೂ ಹೇಳಿ ಮುಗಿಸುವವರೆಗೆ ಅಂಗೈ ಏಳುತ್ತಿರಲಿಲ್ಲ. ಅವರ ಪೂರ್ವಾಶ್ರಮ ನಮಗೆ ಗೊತ್ತಿಲ್ಲ. ಅವರು ನಮಗೆ ಕೊಟ್ಟುಹೋದ ಭಾಷೆಯಲ್ಲೇ ಈಗ ಈ ಲೇಖನ ಬರೆಯುತ್ತಿದ್ದೇವೆ.

ಆದ್ದರಿಂದ ಗ್ರಂಥದಲ್ಲಿ ಇರುವುದನ್ನು ಮಗುವಿಗೆ ಹೇಳಿ ಮುಗಿಸಿಬಿಡಿ ಎಂಬ ಹಿರಿಯರ ಸಲಹೆಯನ್ನು ನಾವು ಒಪ್ಪಲಾರೆವು. ಗಾಣಿಗನ ಕಥೆಯನ್ನೂ ಶಾಪದ ಕಥೆಯನ್ನೂ ಖಂಡಿತ ಹೇಳೋಣ. ಅವು ನಮ್ಮ ಪೂರ್ವಿಕರ ಊಹೆಗಳು, ಮಕ್ಕಳ ಊಹೆಗಳಿಗೆ ಅಣ್ಣಂದಿರು. ಆದರೆ ಅದರ ಮೇಲೆ ಮುದ್ರೆ ಒತ್ತುವುದು ಬೇಡ. ಉತ್ತರ ಸಿಕ್ಕ ಮಗು ಪುಸ್ತಕ ಮುಚ್ಚುತ್ತದೆ. ಸಿಗದ ಮಗು ಮುಂದಿನ ಭಾನುವಾರವೂ ಬರುತ್ತದೆ. ಮನೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು ಆಡುವ ನಮ್ಮ ಮೊಮ್ಮಕ್ಕಳು ಅರ್ಧ ಗಂಟೆ ಕನ್ನಡದಲ್ಲಿ ಜಗಳವಾಡಿದರೆಂಬುದನ್ನು ನಾವು ಸುಮ್ಮನೆ ಬಿಟ್ಟುಕೊಡಬಾರದು.

ಶಿಕ್ಷಕಿಯವರೂ ಹೀಗೆಯೇ ಯೋಚಿಸಿದಂತಿದೆ. ಬೇತಾಳ ಮೊದಲು ಯಾರಾಗಿತ್ತೆಂದು ಒಂದು ಪುಟ ಬರೆದು ತರಲು ಹೇಳಿದ್ದರು. ಹನ್ನೊಂದು ಪುಟಗಳು ಬಂದಿವೆ. ಅಲ್ಪಪ್ರಾಣ, ಮಹಾಪ್ರಾಣಗಳು ಕಲಸಿಹೋಗಿವೆ. ಒಂದು ಪುಟದಲ್ಲಿ ‘ಬೇತಾಳ’ ಎಂಬ ಪದವೇ ನಾಲ್ಕು ರೀತಿಯಲ್ಲಿದೆ. ಪ್ರಶ್ನೆ ಕೇಳಿದ ಹುಡುಗಿ ಬರೆದಿರುವುದು ಎರಡೇ ಸಾಲು: ಬೇತಾಳ ಮೊದಲು ಒಬ್ಬ ತಾತನಂತೆ, ರಾತ್ರಿ ನಿದ್ದೆ ಬರುತ್ತಿರಲಿಲ್ಲವಂತೆ. ಇದನ್ನು ಯಾವ ಗ್ರಂಥದಿಂದ ಖಂಡಿಸುವುದೋ ನಮಗೆ ತೋಚಲಿಲ್ಲ.

ಕೊನೆಯದಾಗಿ ಒಂದು ವಿನಂತಿ. ನಮಗೆ ಬಂದಿರುವ ಸಂಪುಟಗಳಲ್ಲಿ ಒಂದರ ಒಂದು ಹಾಳೆ ಹರಿದುಹೋಗಿದೆ. ಆ ಹಾಳೆಯಲ್ಲಿಯೇ ರಾಜನ ಉತ್ತರವಿದ್ದುದು. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಚಂದಮಾಮಗಳಿದ್ದರೆ ದಯವಿಟ್ಟು ಸಂಘದ ವಾಚನಾಲಯಕ್ಕೆ ಕೊಡಿ. ಬೇಕಾದರೆ ಎರಡು ವಾರ ತಡವಾಗಿಯೇ ಕೊಡಿ. ಮಕ್ಕಳು ಇನ್ನೂ ಯೋಚಿಸುತ್ತಿದ್ದಾರೆ.